ಚಿತ್ರಕಲಾ ತರಗತಿಯಲ್ಲಿ ಕಲಿಕೆಯ ಅಳತೆ

ಗಣಿತದ ಉತ್ತರಪತ್ರಿಕೆಯನ್ನು ನೋಡುವ ಶಿಕ್ಷಕನಿಗೆ ಸರಿ ತಪ್ಪುಗಳ ನಿರ್ಣಯ ಕಷ್ಟದ ಕೆಲಸವಲ್ಲ. ವ್ಯಾಕರಣದಲ್ಲಿಯೂ ಹಾಗೆಯೇ; ಸಂಧಿಯನ್ನು ಬಿಡಿಸಿದ ಕ್ರಮ ಸರಿಯೆ, ಸಮಾಸದ ವಿಗ್ರಹವಾಕ್ಯ ಯುಕ್ತವೆ ಎಂಬುದಕ್ಕೆ ಸೂತ್ರದ ಆಧಾರವುಂಟು. ಆದರೆ ವಿದ್ಯಾರ್ಥಿಯೊಬ್ಬ ಬರೆದು ತಂದ ಚಿತ್ರದ ಮೂಲೆಯಲ್ಲಿ ಹತ್ತಕ್ಕೆ ಆರು ಎಂದು ಅಂಕ ಹಾಕಿದ ಶಿಕ್ಷಕನನ್ನು, ಆ ಆರು ಯಾವುದಕ್ಕೆ ಸಂದವು, ಉಳಿದ ನಾಲ್ಕು ಯಾವ ಕಾರಣಕ್ಕೆ ಹೋದವು ಎಂದು ಕೇಳಿದರೆ ಉತ್ತರ ಸುಲಭವಾಗಿ ಹೊರಡುವುದಿಲ್ಲ. ‘ಚೆನ್ನಾಗಿದೆ’, ‘ಇನ್ನೂ ಚೆನ್ನಾಗಿ ಬರಬೇಕು’ ಎಂಬ ಎರಡು ಮಾತುಗಳಲ್ಲಿಯೇ ಬಹುಮಟ್ಟಿಗೆ ಈ ವಿಷಯದ ಪರೀಕ್ಷೆ ಮುಗಿದುಹೋಗುತ್ತದೆ.

ಇದರ ಪರಿಣಾಮ ಅಲ್ಪವಾದುದಲ್ಲ. ಐದನೆಯ ತರಗತಿಯಲ್ಲಿ ಎರಡು ಮೂರು ಸಲ ಕಡಿಮೆ ಅಂಕ ಪಡೆದ ಮಗು ‘ನನಗೆ ಚಿತ್ರದ ಕೈಯಿಲ್ಲ’ ಎಂದು ತಾನೇ ತೀರ್ಮಾನಿಸಿಕೊಳ್ಳುತ್ತದೆ. ಎಂಟನೆಯ ತರಗತಿಗೆ ಬರುವ ಹೊತ್ತಿಗೆ ಆ ತೀರ್ಮಾನ ಗಟ್ಟಿಯಾಗಿ, ಮುಂದೆ ಜೀವನಪರ್ಯಂತ ಆತ ಅಥವಾ ಆಕೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಇತ್ತ ಹುಟ್ಟಿನಿಂದಲೇ ಕೈಚಳಕವುಳ್ಳ ಮಗು ವರ್ಷ ವರ್ಷವೂ ಬಹುಮಾನ ಪಡೆಯುತ್ತ, ತಾನು ಏನನ್ನೂ ಹೊಸದಾಗಿ ಕಲಿಯಲಿಲ್ಲವೆಂಬ ಅರಿವೇ ಇಲ್ಲದೆ ಶಾಲೆಯನ್ನು ಬಿಟ್ಟು ಹೋಗುತ್ತದೆ. ಈ ಎರಡೂ ನಷ್ಟಗಳಿಗೆ ಮೂಲ ಒಂದೇ: ಚಿತ್ರದ ಅಂದವನ್ನು ಅಳೆದು, ಅದನ್ನೇ ಕಲಿಕೆಯ ಅಳತೆಯೆಂದು ಭಾವಿಸುವುದು. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದು ಒಂದು ಪ್ರಶ್ನೆ. ಅದನ್ನು ಬರೆದ ಮಗು ಎಷ್ಟು ಕಲಿತಿದೆ ಎಂಬುದು ಬೇರೊಂದು ಪ್ರಶ್ನೆ. ಶಾಲೆಯ ತರಗತಿಗೆ ಸಂಬಂಧಿಸಿದ್ದು ಎರಡನೆಯದು. ಒಂದೇ ಚಿತ್ರವನ್ನು ನೋಡಿ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಹಿಂದಿನ ಚಿತ್ರವನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಕಲಿಕೆ ಕಣ್ಣಿಗೆ ಬೀಳುತ್ತದೆ.

ಮುಂಬಯಿ ಪರೀಕ್ಷೆಗಳ ಪರಂಪರೆ

ಬೆಳಗಾವಿ ಜಿಲ್ಲೆಯಲ್ಲಿ ಚಿತ್ರಕಲೆಯ ಪರೀಕ್ಷೆಗೆ ದೀರ್ಘವಾದ ಇತಿಹಾಸವಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಪ್ರದೇಶವು ಮುಂಬಯಿ ಆಡಳಿತಕ್ಕೆ ಸೇರಿತ್ತು. ೧೮೫೭ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಸರ್ ಜೆ. ಜೆ. ಕಲಾಶಾಲೆಯ ಪ್ರಭಾವ ಇಲ್ಲಿಯ ಹೈಸ್ಕೂಲುಗಳ ಮೇಲೆ ಗಾಢವಾಗಿತ್ತು. ‘ಎಲಿಮೆಂಟರಿ’, ‘ಇಂಟರ್‌ಮೀಡಿಯೆಟ್’ ಎಂಬ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತು ಉತ್ತೀರ್ಣರಾಗುವುದು ಅಂದಿನ ವಿದ್ಯಾರ್ಥಿಗಳಿಗೆ ಹೆಮ್ಮೆಯ ವಿಷಯವಾಗಿತ್ತು. ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಗಳು ಇಂದಿಗೂ ನಡೆಯುತ್ತಿವೆ. ಕರ್ನಾಟಕದಲ್ಲಿ ಅದೇ ಬಗೆಯ ಲೋಯರ್, ಹೈಯರ್ ದರ್ಜೆಯ ಚಿತ್ರಕಲಾ ಪರೀಕ್ಷೆಗಳು ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿಯ ಮೂಲಕ ನಡೆದುಬಂದವು.

ಎದುರಿಗಿಟ್ಟ ವಸ್ತುವನ್ನು ನೋಡಿ ಬರೆಯುವುದು, ಕಂಡುದನ್ನು ನೆನಪಿನಿಂದ ಬರೆಯುವುದು, ಅಲಂಕಾರಿಕ ವಿನ್ಯಾಸ, ರೇಖಾಗಣಿತ, ಅಕ್ಷರಲೇಖನ ಇವು ಈ ಪರಂಪರೆಯ ಪ್ರಧಾನ ಅಂಗಗಳು. ಈ ಪದ್ಧತಿಯ ಗುಣವನ್ನು ಮರೆಯಲಾಗದು. ಚಿತ್ರಕಲೆಯೆಂದರೆ ಮನಸ್ಸಿಗೆ ಬಂದಂತೆ ಗೀಚುವುದು ಎಂಬ ಉಪೇಕ್ಷೆಯಿಂದ ಅದು ಈ ವಿಷಯವನ್ನು ಪಾರುಮಾಡಿತು. ಕಣ್ಣು, ಕೈ, ನೆನಪು ಇವುಗಳಿಗೆ ಪ್ರತ್ಯೇಕ ಪ್ರತ್ಯೇಕವಾದ ಶಿಕ್ಷಣವುಂಟೆಂಬುದನ್ನು ಸ್ಥಾಪಿಸಿತು. ಆದರೆ ಅದು ದರ್ಜೆಯ ಪರೀಕ್ಷೆ. ನಿಶ್ಚಿತವಾದ ಒಂದು ದಿನ, ನಿಶ್ಚಿತವಾದ ಕಾಲಾವಧಿಯಲ್ಲಿ, ಪರೀಕ್ಷಾರ್ಥಿಯ ಕೈ ಯಾವ ಮಟ್ಟದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಆ ಮಟ್ಟಕ್ಕೆ ಆತ ಎಲ್ಲಿಂದ ಏರಿ ಬಂದನೆಂಬುದು ದೂರದಲ್ಲಿ ಕುಳಿತ ಪರೀಕ್ಷಕನಿಗೆ ತಿಳಿಯುವಂತಿಲ್ಲ. ಅದನ್ನು ತಿಳಿಯಬಲ್ಲವನು ತರಗತಿಯ ಗುರು ಒಬ್ಬನೇ.

ಇದಕ್ಕೆ ಬೆಳಗಾವಿಯ ಕಲಾಚರಿತ್ರೆಯಲ್ಲಿಯೇ ಸಾಕ್ಷ್ಯವಿದೆ. ಬೆನನ್ ಸ್ಮಿತ್ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದು, ‘ಚಿತ್ರಮಂದಿರ’ವೆಂಬ ಕಲಾಶಾಲೆಯನ್ನು ನಡೆಸಿದ ಕೆ. ಬಿ. ಕುಲಕರ್ಣಿಯವರ ಬಳಿ ಅನೇಕ ತರುಣರು ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರು ೧೯೩೫ರಲ್ಲಿ ಬೆಳಗಾವಿಯಲ್ಲಿ ಜನಿಸಿ, ಮುಂದೆ ಪುಣೆಯಲ್ಲಿ ನೆಲೆಸಿ, ೨೦೨೨ರಲ್ಲಿ ದಿವಂಗತರಾದ ಪ್ರಸಿದ್ಧ ಚಿತ್ರಕಾರ ರವಿ ಪರಾಂಜಪೆಯವರು. ತಮ್ಮ ಆತ್ಮಕಥನಕ್ಕೆ ಅವರು ಇಟ್ಟ ಹೆಸರು ‘ಬ್ರಶ್ ಮೈಲೇಜ್’. ಕುಂಚ ಎಷ್ಟು ದೂರ ನಡೆದಿದೆ ಎಂಬ ಅರ್ಥದ ಈ ಶೀರ್ಷಿಕೆ ಶಿಕ್ಷಕರಿಗೆಲ್ಲ ಮನನೀಯವಾದುದು. ಕಲಿಯುವವನ ಯೋಗ್ಯತೆಯನ್ನು ಆತ ತಲುಪಿದ ಊರಿನಿಂದ ಎಣಿಸುವಂತೆ, ಆತ ನಡೆದ ದಾರಿಯಿಂದಲೂ ಎಣಿಸಬೇಕಲ್ಲವೆ?

ಶಾಸ್ತ್ರದಿಂದ ದೊರೆಯುವ ಸಹಾಯ

ಚಿತ್ರದಲ್ಲಿ ಏನನ್ನು ನೋಡಬೇಕು ಎಂಬ ವಿಷಯದಲ್ಲಿ ನಮ್ಮ ಪೂರ್ವಿಕರು ಮೌನವಾಗಿರಲಿಲ್ಲ. ವಾತ್ಸ್ಯಾಯನನ ಸೂತ್ರಗಳಿಗೆ ಯಶೋಧರನು ಬರೆದ ‘ಜಯಮಂಗಲಾ’ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳು ಹೇಳಲ್ಪಟ್ಟಿವೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ ಮತ್ತು ವರ್ಣಿಕಾಭಂಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವನೀಂದ್ರನಾಥ ಠಾಕೂರರು ಇವುಗಳ ಮೇಲೆ ವಿಶೇಷ ವಿವೇಚನೆ ನಡೆಸಿದರು. ಈ ಷಡಂಗಗಳನ್ನು ಪಂಡಿತರ ಚರ್ಚೆಗೆ ಮಾತ್ರ ಮೀಸಲಿಡದೆ ತರಗತಿಗೆ ತಂದರೆ ಅವು ಮೌಲ್ಯಮಾಪನದ ಉತ್ತಮ ಸಾಧನಗಳಾಗುತ್ತವೆ.

ಮಾವಿನ ಎಲೆಗೂ ಹಲಸಿನ ಎಲೆಗೂ ಇರುವ ಆಕಾರದ ವ್ಯತ್ಯಾಸವನ್ನು ಮಗು ಕಂಡಿದೆಯೆ ಎಂದು ನೋಡುವುದು ರೂಪಭೇದದ ಪರೀಕ್ಷೆ. ಮನೆಯ ಬಾಗಿಲಿಗೂ ಅದರ ಮುಂದೆ ನಿಂತ ಮನುಷ್ಯನಿಗೂ ಅಳತೆಯ ಹೊಂದಾಣಿಕೆ ಇದೆಯೆ ಎಂಬುದು ಪ್ರಮಾಣದ ಪರೀಕ್ಷೆ. ಹೊರೆ ಹೊತ್ತವಳ ಕುತ್ತಿಗೆಯಲ್ಲಿ ಭಾರ ಕಾಣುತ್ತದೆಯೆ ಎಂಬುದು ಭಾವಕ್ಕೆ ಸಂಬಂಧಿಸಿದ್ದು. ಹಾಳೆಯ ಒಂದೇ ಮೂಲೆಯಲ್ಲಿ ಎಲ್ಲವೂ ಮುದ್ದೆಯಾಗಿದೆಯೊ, ಇಡೀ ಹಾಳೆ ಒಂದು ಹಿತವಾದ ಜೋಡಣೆಯಲ್ಲಿ ತುಂಬಿದೆಯೊ ಎಂಬುದನ್ನು ಲಾವಣ್ಯಯೋಜನದ ಅಡಿಯಲ್ಲಿ ನೋಡಬಹುದು. ಎದುರಿನ ವಸ್ತುವಿಗೆ ಚಿತ್ರ ಹೋಲುತ್ತದೆಯೆ ಎಂಬುದು ಸಾದೃಶ್ಯ. ಬಣ್ಣ ಬೆರೆಸುವ, ಕುಂಚ ಹಿಡಿಯುವ, ನೀರಿನ ಪ್ರಮಾಣವನ್ನು ಅರಿಯುವ ಕೌಶಲವೆಲ್ಲ ವರ್ಣಿಕಾಭಂಗದಲ್ಲಿ ಅಡಗಿವೆ. ಶಿಕ್ಷಕನು ಈ ಆರರಲ್ಲಿ ಒಂದು ಪಾಠಕ್ಕೆ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಂಡು, ‘ಈ ವಾರ ಪ್ರಮಾಣವನ್ನು ಮಾತ್ರ ನೋಡಲಾಗುವುದು’ ಎಂದು ಮೊದಲೇ ಹೇಳಿಬಿಟ್ಟರೆ ಮಕ್ಕಳ ಅರ್ಧ ಭಯ ಕಳೆಯುತ್ತದೆ. ಹೇಳಿಕೊಡದೆ ಇದ್ದುದಕ್ಕೆ ಅಂಕ ಕಳೆಯುವುದು ಬಿತ್ತದೆ ಬೆಳೆ ಕೇಳಿದಂತೆ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಇನ್ನೊಂದು ಸೂಕ್ಷ್ಮವಾದ ವಿಚಾರ ಬರುತ್ತದೆ. ಆಚಾರ್ಯರು ರೇಖೆಯನ್ನು ಮೆಚ್ಚುತ್ತಾರೆ, ಬಲ್ಲವರು ಛಾಯೆಯನ್ನು ಮೆಚ್ಚುತ್ತಾರೆ, ಅಲಂಕಾರವನ್ನು ಮೆಚ್ಚುವವರು ಬೇರೆ, ಬಣ್ಣಗಳ ಸಮೃದ್ಧಿಗೆ ಮರುಳಾಗುವವರು ಬೇರೆ ಎಂಬುದು ಅದರ ತಾತ್ಪರ್ಯ. ನೋಡುವವನ ಅಭಿರುಚಿ ನಿರ್ಣಯದೊಳಗೆ ನುಸುಳುತ್ತದೆ ಎಂಬುದನ್ನು ಪ್ರಾಚೀನರು ಅರಿತಿದ್ದರು. ಪ್ರದರ್ಶನದಲ್ಲಿ ಗಾಢವಾದ ಬಣ್ಣದ ಚಿತ್ರದ ಮುಂದೆ ಜನ ಸೇರುವುದನ್ನು ಕಂಡು ಶಿಕ್ಷಕನೂ ಅದಕ್ಕೇ ಹೆಚ್ಚು ಅಂಕ ಕೊಡುತ್ತ ಬಂದರೆ, ತೆಳುವಾದ ಆದರೆ ಖಚಿತವಾದ ರೇಖೆಯುಳ್ಳ ಮಗುವಿಗೆ ಅನ್ಯಾಯವಾಗುತ್ತದೆ. ಬಣ್ಣದ ದೊಡ್ಡ ಪೆಟ್ಟಿಗೆ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ತಂದೆಯ ವರಮಾನಕ್ಕೆ ಮಗುವಿನ ಹಾಳೆಯ ಮೇಲೆ ಅಂಕ ಬೀಳಬಾರದು.

ವಯೋಧರ್ಮ

ಮೂರನೆಯ ತರಗತಿಯ ಮಗು ತನ್ನ ಮನೆಯನ್ನು ಬರೆದಾಗ ಹೊರಗೋಡೆಯ ಜೊತೆಗೆ ಒಳಗಿನ ಒಲೆ, ತೊಟ್ಟಿಲು, ಅಜ್ಜಿ ಎಲ್ಲವೂ ಕಾಣುತ್ತವೆ. ಮನುಷ್ಯರೆಲ್ಲ ಹಾಳೆಯ ಕೆಳಗೆ ಎಳೆದ ಒಂದೇ ಗೆರೆಯ ಮೇಲೆ ಸಾಲಾಗಿ ನಿಂತಿರುತ್ತಾರೆ. ಪ್ರೀತಿಪಾತ್ರಳಾದ ತಾಯಿ ಬಾಗಿಲಿಗಿಂತ ಎತ್ತರವಾಗಿರುತ್ತಾಳೆ. ಇವನ್ನು ತಪ್ಪುಗಳೆಂದು ಕೆಂಪು ಶಾಯಿಯಿಂದ ತಿದ್ದುವವರು ಇಂದಿಗೂ ಇದ್ದಾರೆ.

ಆಸ್ಟ್ರಿಯಾದಲ್ಲಿ ಜನಿಸಿ, ವಿಯೆನ್ನಾದಲ್ಲಿ ಅಂಧ ಮಕ್ಕಳಿಗೆ ಜೇಡಿಮಣ್ಣಿನ ಕಲೆಯನ್ನು ಕಲಿಸಿ, ತರುವಾಯ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ವಿದ್ವಾಂಸರು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಚಿತ್ರಗಳ ಬೆಳವಣಿಗೆಯ ಹಂತಗಳನ್ನು ವಿವರಿಸಿದರು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಹಂತ. ನಾಲ್ಕರಿಂದ ಏಳರವರೆಗೆ ಆಕಾರಗಳು ಮೂಡತೊಡಗುವ ಹಂತ. ಏಳರಿಂದ ಒಂಬತ್ತರವರೆಗೆ ಮಗು ತನ್ನದೇ ಆದ ಸಂಕೇತಗಳನ್ನು ರೂಪಿಸಿಕೊಳ್ಳುವ ಹಂತ. ಒಂಬತ್ತರಿಂದ ಹನ್ನೆರಡರವರೆಗೆ ವಾಸ್ತವದ ಕಡೆಗೆ ಕಣ್ಣು ತೆರೆಯುವ ಹಂತ. ಆ ಬಳಿಕ ತನ್ನ ಚಿತ್ರವನ್ನು ತಾನೇ ಕಠಿಣವಾಗಿ ವಿಮರ್ಶಿಸಿಕೊಳ್ಳುವ ಹಂತ. ಗೋಡೆಯೊಳಗಿನ ಒಲೆಯೂ ಕೆಳಗಿನ ನೆಲದ ಗೆರೆಯೂ ಮೂರನೆಯ ಹಂತದ ಸಹಜ ಲಕ್ಷಣಗಳು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ತಿಳಿದದ್ದನ್ನು ಆ ವಯಸ್ಸಿನ ಮಗು ಬರೆಯುತ್ತದೆ. ಆದುದರಿಂದ ಮೂರನೆಯ ತರಗತಿಯ ಚಿತ್ರದಲ್ಲಿ ದೂರ-ಸಮೀಪಗಳ ಯಥಾರ್ಥತೆಯನ್ನು ಹುಡುಕುವ ಶಿಕ್ಷಕನು ಮಗ್ಗಿ ಕಲಿಯುವವನಿಗೆ ಬೀಜಗಣಿತದ ಪ್ರಶ್ನೆ ಕೇಳಿದಂತಾಗುತ್ತದೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮಗು ತನ್ನ ಚಿತ್ರವನ್ನು ತಾನೇ ಹರಿದೆಸೆಯುವುದುಂಟು. ಕಣ್ಣು ಕೈಗಿಂತ ಮುಂದೆ ಹೋಗಿರುವುದರ ಗುರುತು ಅದು. ಶಿಕ್ಷಕನ ಮಾತಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ ಬರುವುದು ಆಗಲೇ.

ಹಂತಗಳ ಗಡಿ ಎಲ್ಲ ಮಕ್ಕಳಲ್ಲಿಯೂ ಒಂದೇ ವಯಸ್ಸಿಗೆ ಬೀಳುವುದಿಲ್ಲವೆಂಬುದನ್ನೂ ನೆನಪಿಡತಕ್ಕದ್ದು. ಹಂತಗಳು ಮಗುವನ್ನು ಅರಿಯುವುದಕ್ಕಾಗಿ ಇವೆ. ಮಗುವಿಗೆ ಹಣೆಪಟ್ಟಿ ಹಚ್ಚುವುದಕ್ಕಾಗಿ ಅಲ್ಲ.

ಒಂದು ಕೊಡದ ಪಾಠ

ತತ್ತ್ವವನ್ನು ಪ್ರಯೋಗದಲ್ಲಿ ತೋರಿಸುವುದಕ್ಕಾಗಿ ಒಂದು ಪಾಠವನ್ನು ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಒಂದು ಶಾಲೆಯ ಏಳನೆಯ ತರಗತಿ, ಜೂನ್ ತಿಂಗಳು, ಮೇಜಿನ ಮೇಲೆ ಖಾನಾಪುರದ ಮಣ್ಣಿನ ಒಂದು ಕೊಡ. ಏನನ್ನೂ ಹೇಳಿಕೊಡದೆ ಮಕ್ಕಳಿಂದ ಅದನ್ನು ಬರೆಸಿ, ಹಾಳೆಗಳ ಮೇಲೆ ದಿನಾಂಕ ಹಾಕಿ ತೆಗೆದಿಡಲಾಗುತ್ತದೆ. ಹೆಚ್ಚಿನ ಹಾಳೆಗಳಲ್ಲಿ ಕೊಡದ ಬಾಯಿ ಪೂರ್ಣ ವೃತ್ತವಾಗಿಯೂ ತಳ ನೇರವಾದ ಗೆರೆಯಾಗಿಯೂ ಇರುವುದು. ಬಾಯಿ ದುಂಡಗಿದೆ, ತಳ ನೆಲಕ್ಕೆ ಸಮವಾಗಿ ಕೂತಿದೆ ಎಂಬ ತಿಳಿವಳಿಕೆಯನ್ನೇ ಮಕ್ಕಳು ಬರೆದಿರುತ್ತಾರೆ.

ಮುಂದಿನ ವಾರಗಳಲ್ಲಿ ಶಿಕ್ಷಕನು ಒಂದೇ ಒಂದು ವಿಷಯವನ್ನು ಕಲಿಸುತ್ತಾನೆ. ಒಂದು ಬಳೆಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದರೆ ಅದು ಗೆರೆಯಂತೆ ಕಾಣುತ್ತದೆ; ಕೆಳಗಿಳಿಸಿದಂತೆಲ್ಲ ಅಗಲವಾಗುತ್ತ ಬರುತ್ತದೆ. ಆದ್ದರಿಂದ ಕೊಡದ ಬಾಯಿ ಚಪ್ಪಟೆಯಾದ ಅಂಡಾಕಾರವಾಗಿ ಕಾಣಬೇಕು. ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಬೇಕು. ಆಗಸ್ಟ್ ತಿಂಗಳಲ್ಲಿ ಅದೇ ಕೊಡವನ್ನು ಮತ್ತೆ ಬರೆಸಲಾಗುತ್ತದೆ.

ಈಗ ಇಬ್ಬರು ಮಕ್ಕಳ ಹಾಳೆಗಳನ್ನು ನೋಡಬೇಕು. ಒಬ್ಬಳ ಚಿತ್ರ ಬಲು ಅಚ್ಚುಕಟ್ಟು, ನೆರಳು-ಬೆಳಕು ನುಣುಪಾಗಿದೆ. ಆದರೆ ಜೂನ್ ತಿಂಗಳಂತೆಯೇ ಬಾಯಿ ಪೂರ್ಣ ವೃತ್ತ, ತಳ ನೇರ ಗೆರೆ. ಇನ್ನೊಬ್ಬನ ಹಾಳೆಯಲ್ಲಿ ರಬ್ಬರಿನಿಂದ ಉಜ್ಜಿದ ಕಲೆಗಳು. ಎಡಗಡೆ ಕೊಡ ಸ್ವಲ್ಪ ಸೊಟ್ಟ. ಆದರೆ ಬಾಯಿ ಅಂಡಾಕಾರಕ್ಕೆ ಬಂದಿದೆ, ತಳ ಬಾಗಿದೆ, ಮೂರು ಸಲ ಅಳಿಸಿ ಬರೆದ ಗುರುತೂ ಅಲ್ಲಿಯೇ ಇದೆ. ಗೋಡೆಗೆ ತೂಗುಹಾಕಿದರೆ ಮೊದಲನೆಯದು ಗೆಲ್ಲುತ್ತದೆ. ಕಲಿಕೆ ನಡೆದಿರುವುದು ಎರಡನೆಯದರಲ್ಲಿ.

ಹತ್ತು ಅಂಕಗಳನ್ನು ಹೀಗೆ ಹಂಚಬಹುದು: ಆ ಪಾಠದಲ್ಲಿ ಹೇಳಿಕೊಟ್ಟ ಗುಣಕ್ಕೆ ನಾಲ್ಕು; ಹಿಂದಿನ ಕೃತಿಯಿಂದ ಆದ ಬೆಳವಣಿಗೆಗೆ ಮೂರು; ತನ್ನ ಚಿತ್ರವನ್ನು ಕುರಿತು ತಾನೇ ಹೇಳಬಲ್ಲ ವಿವರಣೆಗೆ ಎರಡು; ಅಚ್ಚುಕಟ್ಟುತನಕ್ಕೆ ಒಂದು. ಮೊದಲನೆಯವಳಿಗೆ ಕ್ರಮವಾಗಿ ಒಂದು, ಸೊನ್ನೆ, ಒಂದು, ಒಂದು, ಒಟ್ಟು ಮೂರು. ಎರಡನೆಯವನಿಗೆ ಮೂರು, ಮೂರು, ಒಂದು, ಸೊನ್ನೆ, ಒಟ್ಟು ಏಳು. ಮೂರು ಅಂಕ ಆ ಹುಡುಗಿಗೆ ಶಿಕ್ಷೆಯಲ್ಲ. ಎರಡು ತಿಂಗಳಲ್ಲಿ ಆಕೆಗೆ ಹೊಸದೇನೂ ದಕ್ಕಲಿಲ್ಲವೆಂಬ ಎಚ್ಚರಿಕೆ ಅದು. ಎಚ್ಚರಗೊಳ್ಳಬೇಕಾದವನು ಪ್ರಥಮತಃ ಶಿಕ್ಷಕನೇ. ಹೊಗಳಿಕೆಯ ಮರೆಯಲ್ಲಿ ಪ್ರತಿಭಾವಂತರು ನಿಂತಲ್ಲಿಯೇ ನಿಲ್ಲುವುದನ್ನು ತಡೆಯಲು ಬೇರೆ ಉಪಾಯವಿಲ್ಲ. ಆಕೆಯ ನುಣುಪಾದ ಛಾಯೆಯನ್ನು ಮೆಚ್ಚಿ ಮಾತನಾಡಿದ ಬಳಿಕ, ಬಳೆಯನ್ನು ಆಕೆಯ ಕೈಯಲ್ಲಿಯೇ ಕೊಟ್ಟು ಮೇಲೆ ಕೆಳಗೆ ಆಡಿಸಿ ನೋಡಲು ಹೇಳುವುದು ಮುಂದಿನ ಪಾಠವಾಗುತ್ತದೆ.

ಮೂರು ಸಾಧನಗಳು

ಈ ಬಗೆಯ ಅಳತೆಗೆ ಮೂರು ಸಾಧನಗಳು ಬೇಕು. ಮೊದಲನೆಯದು ಕೃತಿಸಂಪುಟ. ದಪ್ಪ ರಟ್ಟಿನ ಎರಡು ತುಂಡುಗಳನ್ನು ದಾರದಿಂದ ಕಟ್ಟಿದರೂ ಸಾಕು. ಪ್ರತಿಯೊಬ್ಬ ವಿದ್ಯಾರ್ಥಿಯ ಚಿತ್ರಗಳು ದಿನಾಂಕಸಹಿತ ಅದರಲ್ಲಿ ಉಳಿಯಬೇಕು. ಅಂದವಾದವುಗಳ ಜೊತೆಗೆ ಕೆಟ್ಟವು, ಅರ್ಧಕ್ಕೆ ಬಿಟ್ಟವು ಸಹ ಉಳಿಯಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ೧೯೬೭ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಜೀರೊ’ ಸಂಶೋಧನ ಸಂಸ್ಥೆಯು ೧೯೮೦ರ ದಶಕದಲ್ಲಿ ಪಿಟ್ಸ್‌ಬರ್ಗ್ ನಗರದ ಶಾಲೆಗಳೊಡನೆ ನಡೆಸಿದ ಪ್ರಯೋಗದಲ್ಲಿ ಇಂಥ ಸಂಪುಟಗಳನ್ನೇ ಮುಖ್ಯ ಆಧಾರವಾಗಿ ಬಳಸಲಾಯಿತು. ರಚನೆ, ಗ್ರಹಿಕೆ, ಚಿಂತನೆ ಎಂಬ ಮೂರನ್ನೂ ಒಟ್ಟಿಗೆ ನೋಡುವುದು ಅದರ ಉದ್ದೇಶವಾಗಿತ್ತು.

ಎರಡನೆಯದು ಅವಲೋಕನದ ದಾಖಲೆ. ನಲವತ್ತೆಂಟು ಮಕ್ಕಳ ತರಗತಿಯಲ್ಲಿ ಎಲ್ಲರನ್ನೂ ಒಂದೇ ಅವಧಿಯಲ್ಲಿ ಗಮನಿಸುವುದು ಅಸಾಧ್ಯವೆಂಬ ಆಕ್ಷೇಪ ಸಹಜ. ಅವಧಿಗೆ ಎಂಟು ಮಕ್ಕಳಂತೆ ಗಮನಿಸಿದರೆ ಆರು ಅವಧಿಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ವಾರಕ್ಕೊಂದೇ ಅವಧಿಯಿದ್ದರೂ ಅರ್ಧವರ್ಷದಲ್ಲಿ ಪ್ರತಿಯೊಬ್ಬರ ಬಗ್ಗೆ ಎರಡು ಮೂರು ಟಿಪ್ಪಣಿಗಳು ಸಿದ್ಧವಾಗುತ್ತವೆ. ‘ವಸ್ತುವನ್ನು ನೋಡದೆ ಪಕ್ಕದವನ ಹಾಳೆ ನೋಡುತ್ತಾನೆ’, ‘ಮೊದಲು ತೆಳುವಾಗಿ ಎಳೆದು ಆಮೇಲೆ ಗಟ್ಟಿ ಮಾಡುತ್ತಾಳೆ’ ಎಂಬಂಥ ಒಂದು ಸಾಲು ಸಾಕು. ಅಂಕೆಗಿಂತ ಅದು ಹೆಚ್ಚು ಹೇಳುತ್ತದೆ.

ಮೂರನೆಯದು ಸಂಭಾಷಣೆ. ‘ಇಲ್ಲಿ ಏನನ್ನು ಬದಲಾಯಿಸಿದೆ? ಏಕೆ?’ ಎಂಬ ಎರಡು ಪ್ರಶ್ನೆಗಳಿಗೆ ಮಗು ಕೊಡುವ ಉತ್ತರದಲ್ಲಿ ಆಲೋಚನೆ ಬಯಲಾಗುತ್ತದೆ. ನೋಡಿ ನಕಲು ಮಾಡಿದವನಿಗೆ ಬದಲಾವಣೆಯ ಕಾರಣ ಹೇಳಲು ಬರುವುದಿಲ್ಲ. ಸಹಪಾಠಿಗಳು ಪರಸ್ಪರರ ಚಿತ್ರ ನೋಡಿ ಒಂದು ಗುಣವನ್ನೂ ಒಂದು ಸೂಚನೆಯನ್ನೂ ಹೇಳುವ ರೂಢಿಯನ್ನು ಇದರೊಡನೆ ಬೆಳೆಸಬಹುದು.

ನಮ್ಮ ಭಾಗದ ಹೆಣ್ಣುಮಕ್ಕಳ ಕಸೂತಿಯಲ್ಲಿ ಈ ವಿವೇಕ ಮೊದಲಿನಿಂದಲೂ ಇದೆ. ಗವಂತಿ, ಮುರಗಿ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿರಬೇಕು, ಗಂಟು ಕಾಣಬಾರದು. ಆದ್ದರಿಂದ ಬಲ್ಲವರು ಬಟ್ಟೆಯನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ದಾರ ನಡೆದ ದಾರಿ ಗೊತ್ತಾಗುವುದು ಅಲ್ಲಿ.

ಶಿಕ್ಷಕನು ಮಗುವಿನ ಹಾಳೆಯ ಮೇಲೆ ತನ್ನ ಕೈಯಿಂದ ತಿದ್ದಬಾರದೆಂಬುದೂ ಈ ಪದ್ಧತಿಯ ಒಂದು ನಿಯಮ. ತಿದ್ದಬೇಕಾದಲ್ಲಿ ಬೇರೊಂದು ಚೀಟಿಯ ಮೇಲೆ ಬರೆದು ತೋರಿಸಬೇಕು. ಗುರುವಿನ ಗೆರೆ ಬಿದ್ದ ಮೇಲೆ ಆ ಹಾಳೆ ಯಾರ ಕಲಿಕೆಗೂ ಸಾಕ್ಷಿಯಾಗಲಾರದು.

ಖಾನಾಪುರದ ಮಣ್ಣು ಮತ್ತು ಮಾತು

ಬೆಳಗಾವಿ ನಗರದ ಶಾಲೆಗೆ ಹೊಂದುವ ಮಾನದಂಡ ಖಾನಾಪುರ ತಾಲ್ಲೂಕಿನ ಶಾಲೆಗೆ ಹಾಗೆಯೇ ಹೊಂದಬೇಕೆಂದಿಲ್ಲ. ಮಲಪ್ರಭೆಯು ಕಣಕುಂಬಿಯಲ್ಲಿ ಹುಟ್ಟಿ ಹರಿದುಬರುವ ಆ ಪ್ರದೇಶವು ಮಣ್ಣಿಗೂ ಕುಂಬಾರಿಕೆಗೂ ಪ್ರಸಿದ್ಧವಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯು ಖಾನಾಪುರದಲ್ಲಿ ಸ್ಥಾಪಿತವಾದುದು ಆಕಸ್ಮಿಕವಲ್ಲ. ತಿಗರಿ ತಿರುಗುವುದನ್ನು ನೋಡುತ್ತ ಬೆಳೆದ ಮಗುವಿಗೆ ಪೆನ್ಸಿಲ್ಲು ಅಪರಿಚಿತವಾಗಿರಬಹುದು; ಆದರೆ ಆಕಾರದ ಜ್ಞಾನ ಅದರ ಬೆರಳುಗಳಲ್ಲಿದೆ. ಕಣ್ಣಿನಿಂದ ಜಗತ್ತನ್ನು ಅರಿಯುವವರು, ಸ್ಪರ್ಶದಿಂದ ಅರಿಯುವವರು ಎಂದು ಲೋವೆನ್‌ಫೆಲ್ಡ್ ಮಾಡಿದ ವಿಭಾಗ ಇಲ್ಲಿ ಸ್ಮರಣೀಯ. ಹಾಳೆಯ ಮೇಲೆ ಕೊಡವನ್ನು ಸೊಟ್ಟಗೆ ಬರೆಯುವ ಮಗು ಮಣ್ಣಿನಲ್ಲಿ ಅದನ್ನು ಸಮವಾಗಿ ಎತ್ತಿ ನಿಲ್ಲಿಸೀತು. ಹಾಳೆಯೊಂದನ್ನೇ ನೋಡುವ ಪರೀಕ್ಷೆ ಆ ಅರಿವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಣ್ಣಿನ ಕೆಲಸಕ್ಕೂ ಖಚಿತವಾದ ಮಾನದಂಡಗಳುಂಟು: ಗಾಳಿ ಉಳಿಯದಂತೆ ಮಣ್ಣನ್ನು ಹದವಾಗಿ ನಾದಿದೆಯೆ; ಗೋಡೆಯ ದಪ್ಪ ಎಲ್ಲೆಡೆ ಸಮವೆ; ಹಿಡಿಕೆಯನ್ನು ಕೂಡಿಸುವಾಗ ಎರಡೂ ಕಡೆ ಗೀರಿ, ತೆಳುಮಣ್ಣು ಸವರಿದೆಯೆ; ನೆರಳಿನಲ್ಲಿ ನಿಧಾನವಾಗಿ ಒಣಗಿಸಿದೆಯೆ. ಒಣಗಿದಾಗ ಬಿದ್ದ ಬಿರುಕು ಯಾವ ಹಂತದಲ್ಲಿ ತಪ್ಪಾಯಿತೆಂಬುದನ್ನು ತಾನೇ ಹೇಳುತ್ತದೆ. ಸುಟ್ಟ ಗಡಿಗೆಯನ್ನು ಬೆರಳಿನಿಂದ ಬಾರಿಸಿ ನಾದವನ್ನು ಕೇಳಿ ಕೊಳ್ಳುವ ಗೃಹಿಣಿಗೆ ಗೊತ್ತಿರುವ ಪರೀಕ್ಷೆ ಶಾಲೆಗೆ ಗೊತ್ತಿರಬಾರದೆ? ಸೇವಾಗ್ರಾಮದಲ್ಲಿ ಕಲಾಶಿಕ್ಷಕರಾಗಿದ್ದ ದೇವಿಪ್ರಸಾದರು ಸ್ವತಃ ಕುಂಬಾರಿಕೆಯ ಕಲಾವಿದರೂ ಆಗಿದ್ದರು. ಕಲೆಯೇ ಶಿಕ್ಷಣದ ತಳಹದಿಯೆಂದು ಅವರು ಪ್ರತಿಪಾದಿಸಿದುದು ಇಂಥ ಅನುಭವದ ಬಲದಿಂದಲೇ.

ಭಾಷೆಯ ವಿಷಯವನ್ನೂ ಇಲ್ಲಿ ಲಕ್ಷಿಸಬೇಕು. ಈ ಗಡಿಭಾಗದಲ್ಲಿ ಕನ್ನಡ, ಮರಾಠಿ, ಕೊಂಕಣಿಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಚಿತ್ರ ಬರೆಯುವುದಕ್ಕೆ ಭಾಷೆ ಬೇಡ. ಆದರೆ ಚಿತ್ರವನ್ನು ಕುರಿತು ಮಾತನಾಡುವುದಕ್ಕೆ ಬೇಕು. ವಿವರಣೆಗೆ ಅಂಕವಿರುವಾಗ ಮಗು ತನ್ನ ಮನೆಮಾತಿನಲ್ಲಿ ಹೇಳಿದರೂ, ಬೆರಳಿಟ್ಟು ತೋರಿಸಿದರೂ ಸ್ವೀಕರಿಸುವುದು ನ್ಯಾಯ. ಕನ್ನಡದ ಪರೀಕ್ಷೆಯನ್ನು ಕನ್ನಡದ ಅವಧಿಯಲ್ಲಿ ಮಾಡಬಹುದು.

ಕಲಾಪ್ರಶಂಸೆಯ ಕಲಿಕೆಯನ್ನು ಅಳೆಯಲು ಜಿಲ್ಲೆಯ ಶಿಲ್ಪಸಂಪತ್ತಿಗಿಂತ ಉತ್ತಮವಾದ ಸಾಧನವಿಲ್ಲ. ರಟ್ಟರ ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ೧೨೦೪ರಲ್ಲಿ ಕಟ್ಟಿಸಿದ ಬೆಳಗಾವಿ ಕೋಟೆಯ ಕಮಲ ಬಸದಿಯ ಛಾವಣಿಯಲ್ಲಿ ಕೆಳಮುಖವಾಗಿ ಅರಳಿದ ಕಮಲವಿದೆ. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ, ಕದಂಬರ ಪಲಾಶಿಕೆಯಲ್ಲಿ, ಭೂವರಾಹ ನರಸಿಂಹ ದೇವಾಲಯವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಾಲು ಗಂಟೆ ಮೌನವಾಗಿ ನೋಡಿಸಿ, ಮರಳಿ ಬಂದ ಬಳಿಕ ನೆನಪಿನಿಂದ ಬರೆಸಬೇಕು. ಕಮಲದ ದಳಗಳ ಸುತ್ತುಗಳಲ್ಲಿ ಒಂದನ್ನಾದರೂ ಸರಿಯಾಗಿ ನೆನಪಿಟ್ಟ ಮಗು ನೋಡುವುದನ್ನು ಕಲಿತಿದೆಯೆಂದು ತಿಳಿಯಬಹುದು. ಮುಂಬಯಿ ಪರೀಕ್ಷೆಗಳ ಸ್ಮರಣಚಿತ್ರದ ಅಂಗ ಇಲ್ಲಿ ಹೊಸ ಜೀವ ಪಡೆಯುತ್ತದೆ.

ಆಕ್ಷೇಪಗಳು ಮತ್ತು ಕರ್ತವ್ಯ

ಕಲೆಯನ್ನು ಅಳೆಯಲೇಬಾರದು, ಅಂಕ ಹಾಕಿದೊಡನೆ ಮಗುವಿನ ಸ್ವಾತಂತ್ರ್ಯ ಕುಗ್ಗುತ್ತದೆ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಕೆಳತರಗತಿಗಳಲ್ಲಿ ಅಂಕವನ್ನು ಪೂರ್ತಿಯಾಗಿ ಬಿಟ್ಟು ಟಿಪ್ಪಣಿಯೊಂದನ್ನೇ ಉಳಿಸಿಕೊಳ್ಳುವುದು ಲೇಸು. ಆದರೆ ಅಳತೆಯೇ ಇಲ್ಲದ ವಿಷಯಕ್ಕೆ ಶಾಲೆಯ ವೇಳಾಪತ್ರಿಕೆಯಲ್ಲಿ ಒದಗುವ ಗತಿಯನ್ನೂ ನೋಡಬೇಕು. ವಾರ್ಷಿಕ ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಸಲ್ಲುತ್ತದೆ. ಮಗು ಇಷ್ಟನ್ನು ಕಲಿತಿದೆ ಎಂದು ತೋರಿಸುವ ಸಾಕ್ಷ್ಯ ಶಿಕ್ಷಕನ ಕೈಯಲ್ಲಿದ್ದರೆ ಮಾತ್ರ ಆ ಅವಧಿಯನ್ನು ಉಳಿಸಿಕೊಳ್ಳಲು ಆತನಿಗೆ ಬಾಯಿ ಬರುತ್ತದೆ.

ಕಾನೂನು ಮತ್ತು ನೀತಿಗಳು ಇದಕ್ಕೆ ಅನುಕೂಲವಾಗಿಯೇ ಇವೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲಾಶಿಕ್ಷಣವನ್ನು ಎಲ್ಲರಿಗೂ ಕೊಡಬೇಕೆಂದಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೨೯ನೆಯ ಪ್ರಕರಣವು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರ ನಿರ್ಣಯದೊಡನೆ ವಿದ್ಯಾರ್ಥಿಯ ಸ್ವಂತ ವಿಮರ್ಶೆಗೂ ಸಹಪಾಠಿಗಳ ಅಭಿಪ್ರಾಯಕ್ಕೂ ಪ್ರಗತಿಪತ್ರದಲ್ಲಿ ಸ್ಥಾನವಿರಬೇಕೆಂದು ಸೂಚಿಸಿತು. ಆದರೆ ಪ್ರಗತಿಪತ್ರದ ಕಲಾವಿಭಾಗದಲ್ಲಿ ‘ಎ’, ‘ಬಿ’ ಎಂಬ ಅಕ್ಷರಗಳನ್ನು ಸಾಲಾಗಿ ತುಂಬಿ ಮುಗಿಸಿದರೆ ಯಾವ ನೀತಿಯೂ ಫಲಿಸುವುದಿಲ್ಲ. ಆ ಅಕ್ಷರದ ಹಿಂದೆ ಕೃತಿಸಂಪುಟವಿರಬೇಕು. ತಂದೆತಾಯಿ ಬಂದು ಕೇಳಿದಾಗ ಜೂನ್ ತಿಂಗಳ ಹಾಳೆಯನ್ನೂ ಮಾರ್ಚ್ ತಿಂಗಳ ಹಾಳೆಯನ್ನೂ ಒಟ್ಟಿಗೆ ತೆರೆದು ತೋರಿಸುವಂತಿರಬೇಕು.

ಇದರಲ್ಲಿ ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಪಾಲಿದೆ. ಅತ್ಯುತ್ತಮ ಚಿತ್ರಕ್ಕೆ ಬೆಳ್ಳಿಯ ಬಟ್ಟಲನ್ನು ಇಡುವುದು ಶಾಲೆಗಳಲ್ಲಿ ನಡೆದುಬಂದ ಪದ್ಧತಿ. ಆ ಔದಾರ್ಯ ಸ್ತುತ್ಯ. ಅದರೊಡನೆ, ವರ್ಷಾರಂಭದಿಂದ ವರ್ಷಾಂತ್ಯಕ್ಕೆ ಅತ್ಯಧಿಕ ಪ್ರಗತಿ ತೋರಿದ ವಿದ್ಯಾರ್ಥಿಗೆ ಇನ್ನೊಂದು ಪಾರಿತೋಷಕವನ್ನು ಏರ್ಪಡಿಸಿದರೆ ಹಿಂದಿನ ಬೆಂಚಿನ ಮಕ್ಕಳಿಗೂ ಆಸೆ ಹುಟ್ಟೀತು. ಸಂಪುಟಗಳನ್ನು ಗೆದ್ದಲಿನಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡುವ ಒಂದು ಕಪಾಟು, ವರ್ಷಕ್ಕೆ ಸಾಕಾಗುವಷ್ಟು ಹಾಳೆ, ಎಲ್ಲರೂ ಹಂಚಿಕೊಂಡು ಬಳಸುವ ಬಣ್ಣ, ಒಂದು ಗಾಡಿ ಮಣ್ಣು ಇವು ಬಟ್ಟಲಿಗಿಂತ ಹೆಚ್ಚು ಬೆಲೆಯವಲ್ಲ. ಇವುಗಳ ಕೊರತೆಯಿಂದ ಮಗು ಎಷ್ಟು ದೂರ ನಡೆಯಿತೆಂಬುದು ಕಾಣದೆ ಹೋಗಬಾರದು. ವಾರ್ಷಿಕ ಪ್ರದರ್ಶನದಲ್ಲಿ ಪ್ರತಿಯೊಂದು ಚಿತ್ರದ ಪಕ್ಕದಲ್ಲಿ ಅದೇ ಮಗುವಿನ ವರ್ಷಾರಂಭದ ಚಿತ್ರವನ್ನೂ ತೂಗುಹಾಕುವುದರಿಂದ ಈ ಕಾರ್ಯವನ್ನು ಬರುವ ವರ್ಷವೇ ಆರಂಭಿಸಬಹುದು. ಅದಕ್ಕೆ ಬೇಕಾದುದು ಇನ್ನೊಂದು ಮೊಳೆ ಮತ್ತು ಜೂನ್ ತಿಂಗಳ ಹಾಳೆಯನ್ನು ಎಸೆಯದೆ ಇಟ್ಟುಕೊಂಡ ಒಬ್ಬ ಶಿಕ್ಷಕ.